ವೇದಾವತಿಯ ಜೊತೆಗೆ ಸೈಕಲ್ಲಿನಲ್ಲಿ

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೆದ್ದಾರಿಯಲ್ಲಿ ಧಾವಿಸುವವರಿಗೆ ಹಿರಿಯೂರು ತಿಂಡಿಗೆ ನಿಲ್ಲುವ ಊರು. ಪಕ್ಕದ ಬಬ್ಬೂರು ಅಷ್ಟೂ ಅಲ್ಲ. ಅಲ್ಲಿಂದ ಸುಮಾರು 40 ಕಿಲೋಮೀಟರ್ ಹೋದರೆ ಬಂಡೆಬೆಟ್ಟಗಳ ಮೇಲೆ ಏಳು ಸುತ್ತಿನ ಕೋಟೆ ಕಾಣುತ್ತದೆ, ಚಿತ್ರದುರ್ಗ ಜಿಲ್ಲೆಯನ್ನು ನೋಡಿದಂತಾಯಿತು ಎಂದು ಪ್ರಯಾಣಿಕರು ತೃಪ್ತರಾಗುತ್ತಾರೆ. ಕೋಟೆ ದೊಡ್ಡದು, ನಿಜ. ಆದರೆ ಈ ಸೀಮೆಯ ಬದುಕನ್ನು ಕಟ್ಟಿದ್ದು ಕೋಟೆಯಲ್ಲ, ಬಾಬಾಬುಡನ್ ಗಿರಿಗಳಿಂದ ಇಳಿದು ಬರುವ ವೇದಾವತಿ. ಸಖರಾಯಪಟ್ಟಣದ ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದಕೆರೆಯ ಕಡೆಯಿಂದ ಆವತಿ ಬಂದು ಕೂಡಿ, ಹೊಸದುರ್ಗದ ನೆಲ ದಾಟಿ, ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ ತಡೆದು ನಿಂತು, ಹಿರಿಯೂರಿನ ಮಗ್ಗುಲಲ್ಲಿ ಹಾದು ಹೋಗುವ ಈ ಹೊಳೆಯ ದಾರಿಯನ್ನು ಹೆದ್ದಾರಿ ಒಂದು ಸೇತುವೆಯ ಮೇಲೆ ಕೆಲವೇ ಕ್ಷಣಗಳಲ್ಲಿ ಅಡ್ಡ ದಾಟಿಬಿಡುತ್ತದೆ. ಹೊಳೆಯನ್ನು ಅಡ್ಡ ದಾಟುವವರಿಗೆ ಅದರ ಕಥೆ ಸಿಗುವುದಿಲ್ಲ, ಜೊತೆಗೆ ಸಾಗಬೇಕು. ಜೊತೆಗೆ ಸಾಗಲು ತಕ್ಕ ವಾಹನ ಸೈಕಲ್. ಈ ಕಣಿವೆಯಲ್ಲಿ ಸೈಕಲ್ ದಾರಿಯೊಂದನ್ನು ಗುರುತು ಮಾಡುವುದು ನಮ್ಮಿಂದ ಆಗುವ ಕೆಲಸ, ಆಗಬೇಕಾದ ಕೆಲಸ ಎಂಬುದು ನನ್ನ ವಾದ.

ಇಂಥ ಕೆಲಸಕ್ಕೆ ಜಗತ್ತಿನಲ್ಲಿ ಒಳ್ಳೆಯ ನಿದರ್ಶನ ಫ್ರಾನ್ಸಿನ ಲ್ವಾರ್ ನದಿಯದು. ನೆವೆರ್ ಪಟ್ಟಣದ ಹತ್ತಿರದಿಂದ ಅಟ್ಲಾಂಟಿಕ್ ಕಡಲಿನವರೆಗೆ ಸುಮಾರು 900 ಕಿಲೋಮೀಟರ್ ಉದ್ದಕ್ಕೆ ಅಲ್ಲಿ ಸೈಕಲ್ ದಾರಿ ಇದೆ. ಬ್ಲ್ವಾ, ಆಂಬ್ವಾಸ್, ಸೋಮ್ಯೂರ್‌ನಂಥ ಅರಮನೆಗಳಿರುವ ಹಳೆಯ ಪಟ್ಟಣಗಳನ್ನೂ ಅವುಗಳ ನಡುವಿನ ದ್ರಾಕ್ಷಿ ತೋಟಗಳನ್ನೂ ಅದು ಒಂದೇ ಎಳೆಯಲ್ಲಿ ಪೋಣಿಸಿದೆ. ಆ ಕಣಿವೆಯ ಒಂದು ಭಾಗವನ್ನು 2000ದಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಾರಿಯ ಬಗ್ಗೆ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೊಂದಿದೆ. ಅದರಲ್ಲಿ ಹೊಸದಾಗಿ ಕಟ್ಟಿದ ಭಾಗಕ್ಕಿಂತ ಮೊದಲೇ ಇದ್ದ ಹಳ್ಳಿರಸ್ತೆಗಳು ಮತ್ತು ನದಿಯ ಏರಿಯ ದಾರಿಗಳೇ ಹೆಚ್ಚು. ವಾಹನ ಕಡಿಮೆ ಓಡಾಡುವ ರಸ್ತೆಗಳನ್ನು ಆರಿಸಿ, ಕೂಡುವಲ್ಲೆಲ್ಲ ಫಲಕ ನೆಟ್ಟು, ಸೈಕಲ್ಲಿನವರಿಗೆ ಇಳಿದುಕೊಳ್ಳಲು ಕೋಣೆ ಕೊಡುವ ಮನೆಗಳನ್ನು ಗುರುತಿಸಿ, ರೈಲಿನಲ್ಲಿ ಸೈಕಲ್ ಒಯ್ಯಲು ಅನುಕೂಲ ಮಾಡಿದರು. ಅರಮನೆಗಳು ಮೊದಲೂ ಇದ್ದವು, ಹೊಳೆಯೂ ಇತ್ತು. ಅವೆರಡರ ನಡುವಿನ ಎಳೆಯನ್ನು ಮಾತ್ರ ಹೊಸದಾಗಿ ಕಾಣಿಸಿದರು.

ಆ ಎಳೆ ನಮ್ಮಲ್ಲಿಯೂ ಸಿದ್ಧವಾಗಿಯೇ ಇದೆ ಎನ್ನುವುದಕ್ಕೆ ಮೊದಲ ಸಾಕ್ಷಿ ಕಾಲುವೆ. ಮೈಸೂರು ಸಂಸ್ಥಾನ 1897ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಕೆಳಗೆ, ಕಾತ್ರಿಕೇನಹಳ್ಳಿಯ ಬಳಿಯ ಒಡ್ಡಿನಿಂದ ಎಡಕ್ಕೂ ಬಲಕ್ಕೂ ಕಾಲುವೆಗಳು ಹೊರಡುತ್ತವೆ. ನೀರಾವರಿ ಕಾಲುವೆಯ ಗುಣ ಎಂಥದ್ದು? ಅದು ಗುಡ್ಡ ಏರಲಾರದು, ಹಳ್ಳಕ್ಕೆ ಧುಮುಕಬಾರದು. ನೆಲದ ಮಟ್ಟವನ್ನೇ ಹಿಡಿದು ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಬಳಸಿ ಬಳಸಿ ಹೋಗಬೇಕು. ಆದ್ದರಿಂದ ಕಾಲುವೆ ಏರಿಯ ಮೇಲಿನ ದಾರಿ ಪೆಡಲ್ ತುಳಿಯುವವರಿಗೆ ಹೇಳಿ ಮಾಡಿಸಿದಂತಿರುತ್ತದೆ. ಫ್ರಾನ್ಸಿನ ಹಳೆಯ ಕಾಲುವೆಗಳ ಬದಿಯಲ್ಲಿ ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ್ದ ದಾರಿಗಳು ಇಂದು ಸೈಕಲ್ ಹಾದಿಗಳಾಗಿರುವುದು ಇದೇ ಕಾರಣಕ್ಕೆ. ಅಲ್ಲಿ ಕುದುರೆ ನಡೆದ ಕಡೆ ಇಲ್ಲಿ ನೀರಗಂಟಿ ನಡೆದಿದ್ದಾನೆ. ಒಂದು ಕಡೆ ತೆಂಗು, ಅಡಿಕೆ, ಬಾಳೆ, ಇನ್ನೊಂದು ಕಡೆ ಜಾಲಿ, ತಂಗಡಿ, ಕುರಿ ಮೇಯುವ ಬಯಲು. ನೀರು ತಲುಪಿದ ನೆಲಕ್ಕೂ ತಲುಪದ ನೆಲಕ್ಕೂ ಇರುವ ಗಡಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾರಿ ಬೇರೊಂದಿಲ್ಲ. ಬಬ್ಬೂರಿನ ಅರ್ಥ ತಿಳಿಯುವುದೂ ಈ ಗಡಿಯನ್ನು ಕಂಡಮೇಲೆ. ಇಂದು ಅದು ಕೃಷಿ ಸಂಶೋಧನೆಯ ಊರು, ತೋಟಗಾರಿಕೆ ಕಾಲೇಜಿನ ಊರು. ಒಣನೆಲಕ್ಕೂ ನೀರಾವರಿಗೂ ನಡುವೆ ನಿಂತು ಎರಡನ್ನೂ ಓದಬೇಕಾದ ಕೆಲಸಕ್ಕೆ ಆ ಜಾಗ ಒಪ್ಪುತ್ತದೆ. ಬಬ್ಬೂರುಕಮ್ಮೆ ಎಂದು ಈ ಊರಿನ ಹೆಸರನ್ನು ಪಂಗಡದ ಹೆಸರಾಗಿ ನಾಡಿನುದ್ದಕ್ಕೂ ಒಯ್ದ ಮನೆತನಗಳೂ ಇವೆ. ಆ ಹೆಸರು ಹೊತ್ತ ಬಹಳ ಮಂದಿ ಊರನ್ನು ಕಂಡಿರಲಿಕ್ಕಿಲ್ಲ. ಅವರಿಗಾದರೂ ಈ ದಾರಿ ಬೇಕು.

ಎರಡನೆಯ ಸಾಕ್ಷಿ ಊರುಗಳ ಅಂತರ. ಎತ್ತಿನ ಗಾಡಿ ಮತ್ತು ಕಾಲ್ನಡಿಗೆಯ ಕಾಲದಲ್ಲಿ ಬೆಳೆದ ಸೀಮೆ ಇದು. ಹರದಾರಿ, ಗಾವುದಗಳಲ್ಲಿ ದೂರ ಅಳೆದವರು ಕಟ್ಟಿದ ಸಂತೆ, ಛತ್ರ, ಅರಳೀಕಟ್ಟೆಗಳು ದಣಿದವರು ಸಹಜವಾಗಿ ನಿಲ್ಲುವ ಅಂತರದಲ್ಲಿವೆ. ಕಾರಿಗೆ ಆ ಅಂತರ ತೀರಾ ಕಿರಿದು, ಆದ್ದರಿಂದ ಅದು ಎಲ್ಲವನ್ನೂ ಬಿಟ್ಟು ಹೋಗುತ್ತದೆ. ಇಂದು ಕೈಯಲ್ಲಿ ಎರಡೋ ಮೂರೋ ದಿನವಿರುವವರಿಗೆ ನಡಿಗೆ ತೀರಾ ನಿಧಾನ. ಅಣೆಯ ಬಳಿಯ ವಾಣಿವಿಲಾಸಪುರದಿಂದ ಹಿರಿಯೂರಿಗೆ ಸುಮಾರು 20 ಕಿಲೋಮೀಟರ್. ಸೈಕಲ್ಲಿನವರಿಗೆ ಇದು ಒಂದು ಬೆಳಗಿನ ದಾರಿ, ನಡುವೆ ಎಳನೀರಿಗೆ, ಗುಡಿಗೆ, ಮಾತಿಗೆ ನಿಲ್ಲುವಷ್ಟು ಸಮಯವೂ ಉಳಿಯುತ್ತದೆ. ಹೀಗೆ ನಿಂತು ಹೋಗುವವರಿಗೆ ಮಾತ್ರ ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಚಾವಣಿಯ ವರ್ಣಚಿತ್ರಗಳನ್ನು ತಲೆಯೆತ್ತಿ ನೋಡುವ ವ್ಯವಧಾನವಿರುತ್ತದೆ. ಸುವರ್ಣಮುಖಿ ಬಂದು ವೇದಾವತಿಯನ್ನು ಸೇರುವ ಕೂಡಲಹಳ್ಳಿಯವರೆಗೆ ಹೋಗಿಬರುವ ಮನಸ್ಸೂ ಅವರಿಗೆ ಬರುತ್ತದೆ.

ಆಕ್ಷೇಪಗಳು ಇವೆ, ಅವು ಹಗುರವಾದವಲ್ಲ. ಮೊದಲನೆಯದು ಬಿಸಿಲು. ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲಿ ಇದೊಂದು, ಇಲ್ಲಿ ಸೈಕಲ್ ಹೊಡೆಯುವುದು ಸಾಹಸವಲ್ಲವೆ ಎಂದು ಕೇಳುವವರು ಮಾರ್ಚ್‌ನಿಂದ ಮೇ ತಿಂಗಳವರೆಗೆ ಸರಿ. ಉಳಿದ ಕಾಲಕ್ಕೆ ತಪ್ಪು. ಮುಂಗಾರಿನಲ್ಲಿ ಮಲೆನಾಡು ತೋಯುತ್ತಿರುವಾಗ ಈ ಮಳೆನೆರಳಿನ ನಾಡಿನಲ್ಲಿ ಮೋಡ ಕವಿದಿರುತ್ತದೆ, ಮಳೆ ಹೆಚ್ಚಿರುವುದಿಲ್ಲ. ಇಲ್ಲಿನ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಆಷಾಢ ಶ್ರಾವಣಗಳಲ್ಲಿ ತಂಪು ಗಾಳಿ ಪಶ್ಚಿಮದಿಂದ ಬಿಡದೆ ಬೀಸುತ್ತದೆ. ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಇದಕ್ಕೆ ಪುರಾವೆ. ವೇದಾವತಿ ಹೊಸದುರ್ಗದಿಂದ ಹಿರಿಯೂರಿಗೆ ಹರಿಯುವುದು ಪೂರ್ವಕ್ಕೂ ಈಶಾನ್ಯಕ್ಕೂ. ಎಂದರೆ ಹೊಳೆಯ ದಿಕ್ಕಿನಲ್ಲಿ ಹೊರಟವರಿಗೆ ಇಳಿಜಾರೂ ಅನುಕೂಲ, ಗಾಳಿಯೂ ಬೆನ್ನಿಗೆ. ಇದೇ ದಾರಿಯನ್ನು ಆಷಾಢದಲ್ಲಿ ಎದುರುಮುಖವಾಗಿ ಹಿಡಿದರೆ ಪಾಡು ಬೇರೆ. ಫಲಕಗಳು ಹೊಸದುರ್ಗದಿಂದ ಹಿರಿಯೂರಿನ ಕಡೆಗೆ ಮುಖಮಾಡಬೇಕೆನ್ನುವುದು ಇದಕ್ಕಾಗಿಯೇ.

ಎರಡನೆಯ ಆಕ್ಷೇಪ ಹೊಳೆಯದೇ. ವರ್ಷದ ಬಹುಕಾಲ ಮರಳು ಕಾಣುವ ಹೊಳೆಯ ಜೊತೆ ಸಾಗಿ ಏನು ನೋಡುವುದು? ಲ್ವಾರ್ ನದಿ ಕೂಡ ಬೇಸಗೆಯಲ್ಲಿ ಸೊರಗಿ ಮರಳದಿಬ್ಬಗಳ ನಡುವೆ ಹರಿಯುತ್ತದೆ. ಅದರಿಂದ ಅದನ್ನು ಯಾರೂ ಕೀಳೆಂದಿಲ್ಲ. ವೇದಾವತಿಯ ಇತಿಹಾಸವೆಲ್ಲ ಇರುವುದು ನೀರಿನ ಅಭಾವದಲ್ಲಿ ಮತ್ತು ಅದನ್ನು ಗೆಲ್ಲಲು ಮನುಷ್ಯರು ಮಾಡಿದ ಪ್ರಯತ್ನದಲ್ಲಿ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹಲವು ತಲೆಮಾರುಗಳು ಕೋಡಿಯ ಸುದ್ದಿಯನ್ನು ಹಿರಿಯರ ಬಾಯಲ್ಲಿ ಕೇಳಿದ್ದವೇ ಹೊರತು ಕಂಡಿರಲಿಲ್ಲ. ಇಂದು ಭದ್ರೆಯ ನೀರು ಅಲ್ಲಿಗೆ ಬರುತ್ತಿದೆ. ಈ ಅಣೆಯನ್ನು ವಿಶ್ವೇಶ್ವರಯ್ಯನವರು ಕಟ್ಟಿದರೆಂದು ಹೇಳುವವರನ್ನು ಈಗಲೂ ಕಾಣಬಹುದು. ಅವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರಲ್ಲಿ, ಅಣೆ ಮುಗಿದ ಎರಡು ವರ್ಷದ ಮೇಲೆ. ಕೆಲಸ ಆರಂಭವಾದದ್ದು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಅಣೆಯ ಬಳಿ ಇದನ್ನು ಹೇಳುವ ದೊಡ್ಡ ಫಲಕವಿದ್ದರೆ ಒಳ್ಳೆಯದು. ಅರಮನೆಗಳೆಲ್ಲಿ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಎರಡು ಗುಡ್ಡಗಳ ನಡುವೆ ಸುರ್ಕಿ ಗಾರೆಯಲ್ಲಿ ಕಟ್ಟಿದ, ಮೇಲೆ ಮಂಟಪಗಳಿರುವ ಈ ಅಣೆ ಯಾವ ಅರಮನೆಗೂ ಕಡಿಮೆಯಿಲ್ಲ. ದಾರಿಯ ಕೊನೆಗೆ ಸಿಗುವ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಹೇಳುವುದೂ ಒಂದು ಕೆರೆಯ ಸಂಗತಿಯನ್ನೇ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಇದು ಪೇಟೆಯ ಉಳ್ಳವರ ಶೋಕಿ, ಹಳ್ಳಿಯವರು ಸೈಕಲ್ ಬಿಟ್ಟು ಬೈಕ್ ಹತ್ತುತ್ತಿರುವಾಗ ಅವರ ಕಾಲುವೆ ಏರಿಯ ಮೇಲೆ ಪ್ರವಾಸಿಗರನ್ನು ಓಡಿಸುವುದೇಕೆ? ಆದರೆ ಹಳ್ಳಿಯ ಎಲ್ಲರೂ ಸೈಕಲ್ ಬಿಟ್ಟಿಲ್ಲ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ ಹೈಸ್ಕೂಲು ದೂರವಿದ್ದ ಹಳ್ಳಿಗಳ ಹುಡುಗಿಯರಿಗೆ ಅದು ಓದಿನ ದಾರಿಯನ್ನೇ ತೆರೆಯಿತು. ಲಾರಿಗಳು ಭರ್ರೆಂದು ಹೋಗುವ ರಸ್ತೆಯ ಅಂಚಿನಲ್ಲಿ ಅವರು ಜೀವ ಕೈಯಲ್ಲಿ ಹಿಡಿದು ಸಾಗಬೇಕಾಗುತ್ತದೆ. ಸುರಕ್ಷಿತ ದಾರಿ ಮೊದಲು ಸಲ್ಲಬೇಕಾದದ್ದು ಅವರಿಗೆ, ತೋಟದ ಕೆಲಸಕ್ಕೆ ಹೋಗುವವರಿಗೆ. ಆಮೇಲೆ ಪ್ರವಾಸಿಗರಿಗೆ. ಊರಿನವರಿಗೆ ಆಗದ ದಾರಿಯಾದರೆ ಅದು ಬೇಡವೇ ಬೇಡ. ಆದರೆ ಸೈಕಲ್ ಪ್ರವಾಸಿಗಳಿಂದ ಹಳ್ಳಿಗೆ ಲಾಭವೂ ಇದೆ. ಕಾರಿನವರು ಬೆಂಗಳೂರಿನಿಂದಲೇ ಎಲ್ಲ ಕಟ್ಟಿಕೊಂಡು ಬಂದು ಕಸವನ್ನಷ್ಟೇ ಬಿಟ್ಟುಹೋಗಬಲ್ಲರು. ಸೈಕಲ್ಲಿನವರು ಹೆಚ್ಚು ಹೊರಲಾರರು. ಊಟ, ನೀರು, ಪಂಕ್ಚರ್, ರಾತ್ರಿ ತಂಗಲು ಜಾಗ ಎಲ್ಲಕ್ಕೂ ಅವರು ಊರಿನವರನ್ನೇ ನಂಬಬೇಕು, ಊರಿನಲ್ಲೇ ದುಡ್ಡು ಬಿಚ್ಚಬೇಕು.

ಬರುವುದು ಹೋಗುವುದು ಹೇಗೆ ಎಂಬ ತೊಡಕನ್ನು ರೈಲು ಬಿಡಿಸುತ್ತದೆ. ಬೀರೂರು–ಚಿಕ್ಕಜಾಜೂರು ಹಾದಿಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದರೆ ಹೊಸದುರ್ಗ, ವಾಣಿವಿಲಾಸಪುರ, ಬಬ್ಬೂರು, ಹಿರಿಯೂರು, ಐಮಂಗಲದ ಮೇಲೆ ಚಿತ್ರದುರ್ಗ. ಅಲ್ಲಿಂದ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿಗೆ ಮತ್ತೆ ರೈಲು. ಮೂರು ದಿನದ ಬಿಡುವಿನ ಸವಾರಿ ಇದು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಭಾಗ ಕಷ್ಟದ್ದು, ಅಲ್ಲಿ ಹೆದ್ದಾರಿಯನ್ನು ತಪ್ಪಿಸಲು ಹಳ್ಳಿರಸ್ತೆಗಳನ್ನು ಹುಡುಕಿ ಜೋಡಿಸಬೇಕು. ಅದು ಮುಂದಿನ ಮಾತು. ಮೊದಲು ವಾಣಿವಿಲಾಸಪುರದಿಂದ ಬಬ್ಬೂರಿನವರೆಗಿನ ಭಾಗ ಸಾಕು. ನೀರಾವರಿ ಇಲಾಖೆ ಏರಿಯ ಮೇಲಿನ ಕುಸಿದ ಮೋರಿಗಳನ್ನು ಸರಿಪಡಿಸಲಿ, ಗ್ರಾಮ ಪಂಚಾಯಿತಿಗಳು ತಮ್ಮ ತಮ್ಮ ಊರಿನ ಹೆಸರೂ ದೂರವೂ ಇರುವ ಕನ್ನಡದ ಕಲ್ಲುಗಳನ್ನು ನೆಡಲಿ, ಬಬ್ಬೂರಿನ ತೋಟಗಾರಿಕೆ ವಿದ್ಯಾರ್ಥಿಗಳು ನೆರಳಿಗೆ ಹೊಂಗೆ, ಬೇವು ಹಚ್ಚಲಿ. ಬರುವ ಆಷಾಢದೊಳಗೆ ಇಷ್ಟನ್ನು ಮಾಡಿ ಎಂದು ಚಿತ್ರದುರ್ಗ ಜಿಲ್ಲಾ ಪಂಚಾಯಿತಿಯನ್ನು ಕೇಳಿಕೊಳ್ಳುತ್ತೇನೆ.