ಲೆಕ್ಕದ ಪುಸ್ತಕಕ್ಕೆ ಸಿಗದ ಆಟಗಾರ

ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 'ಯಾರು ಎಷ್ಟು ಪಾಯಿಂಟ್ ಹೊಡೆದರು?' ಆಡಿ ಮನೆಗೆ ಬಂದ ಮಗನನ್ನು ಅಪ್ಪ ಕೇಳುವುದೂ ಅದನ್ನೇ. ಹತ್ತು ಪಾಯಿಂಟ್ ಹೊಡೆದವನ ಬೆನ್ನು ತಟ್ಟುತ್ತಾರೆ. ಎದುರಾಳಿಯ ಹತ್ತು ಪಾಯಿಂಟ್ ತಪ್ಪಿಸಿದವನ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಗಣಿತದ ದೃಷ್ಟಿಯಿಂದ ನೋಡಿದರೆ ಇಬ್ಬರ ಕೆಲಸಕ್ಕೂ ಒಂದೇ ಬೆಲೆ. ಗೆಲುವು ಸೋಲು ತೀರ್ಮಾನವಾಗುವುದು ಎರಡು ಸಂಖ್ಯೆಗಳ ವ್ಯತ್ಯಾಸದಿಂದ ತಾನೆ? ಹೊಲದ ಬೇಲಿ ಒಂದು ಕಾಳನ್ನೂ ಬೆಳೆಯುವುದಿಲ್ಲ. ಆದರೂ ರೈತ ಬೇಲಿ ಕಟ್ಟುವುದನ್ನು ಬಿಡುವುದಿಲ್ಲ.

ಇದಕ್ಕೆ ಕ್ರೀಡಾ ಚರಿತ್ರೆಯಲ್ಲಿ ಸಿಗುವ ದೊಡ್ಡ ನಿದರ್ಶನ ಅಮೆರಿಕದ ಬಿಲ್ ರಸೆಲ್. ಅವನು ಆಡಿದ ಸ್ಥಾನ ಸೆಂಟರ್. ತಂಡದ ಐವರಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನು, ಬುಟ್ಟಿಯ ಸಮೀಪ ನಿಲ್ಲುವವನು ಈ ಸೆಂಟರ್.

1950ರ ದಶಕದ ಮೊದಲ ಭಾಗದಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಪಾಯಿಂಟ್‌ಗಳ ಬರ ಇರಲಿಲ್ಲ. ಚೆಂಡನ್ನು ಮಾಯಾವಿಯಂತೆ ಸಾಗಿಸುವ ಬಾಬ್ ಕೂಸಿ, ಗುರಿ ತಪ್ಪದ ಬಿಲ್ ಶರ್ಮನ್, ಚತುರ ತರಬೇತುದಾರ ರೆಡ್ ಆರ್ಬ್ಯಾಕ್ ಎಲ್ಲರೂ ಇದ್ದರು. ಆದರೆ ತಂಡ ಎಷ್ಟು ಧಾರಾಳವಾಗಿ ಗಳಿಸುತ್ತಿತ್ತೋ ಅಷ್ಟೇ ಧಾರಾಳವಾಗಿ ಬಿಟ್ಟುಕೊಡುತ್ತಿತ್ತು. ಎದುರಾಳಿಯ ಹೊಡೆತ ಗುರಿ ತಪ್ಪಿ ಬುಟ್ಟಿಗೆ ಬಡಿದು ಬಂದರೆ ಆ ಚೆಂಡನ್ನು ಹಿಡಿಯುವವರು ಬೇಕಿತ್ತು. ವರ್ಷ ವರ್ಷವೂ ಹೆಸರು ಬಂತು, ಪ್ರಶಸ್ತಿ ಬರಲಿಲ್ಲ. 1956ರಲ್ಲಿ ಆರ್ಬ್ಯಾಕ್ ಒಂದು ಸಾಹಸ ಮಾಡಿದರು. ತಂಡದ ತಾರೆಯಾಗಿದ್ದ ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಇಬ್ಬರನ್ನೂ ಸೇಂಟ್ ಲೂಯಿಸ್ ತಂಡಕ್ಕೆ ಬಿಟ್ಟುಕೊಟ್ಟು, ಕಾಲೇಜು ಮುಗಿಸಿದ ಒಬ್ಬ ತೆಳ್ಳನೆಯ ಹುಡುಗನನ್ನು ಪಡೆದರು. ಅವನೇ ರಸೆಲ್. ಚೆಂಡು ಎಸೆಯುವುದರಲ್ಲಿ ಅವನು ಅಂಥ ನಿಪುಣನೇನೂ ಆಗಿರಲಿಲ್ಲ.

ರಸೆಲ್ ಹುಟ್ಟಿದ್ದು 1934ರಲ್ಲಿ, ಲೂಸಿಯಾನಾ ರಾಜ್ಯದ ಮನ್ರೋದಲ್ಲಿ. ವರ್ಣಭೇದದ ಕಾಟಕ್ಕೆ ಬೇಸತ್ತ ಆ ಕಪ್ಪು ವರ್ಣೀಯ ಕುಟುಂಬ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿಗೆ ವಲಸೆ ಬಂತು. ಹನ್ನೆರಡನೆಯ ವಯಸ್ಸಿಗೆ ತಾಯಿ ತೀರಿಕೊಂಡರು. ಹೈಸ್ಕೂಲಿನಲ್ಲಿ ಅವನು ಕಿರಿಯರ ತಂಡಕ್ಕೆ ಸೇರಿದ್ದೇ ಕಷ್ಟದಿಂದ. ಸಮವಸ್ತ್ರ ಹದಿನೈದು, ಹುಡುಗರು ಹದಿನಾರು. ಹದಿನಾರನೆಯವನಾದ ರಸೆಲ್ ಇನ್ನೊಬ್ಬನೊಂದಿಗೆ ಒಂದೇ ಸಮವಸ್ತ್ರವನ್ನು ಸರದಿಯಂತೆ ತೊಡುತ್ತಿದ್ದ. ಅವನನ್ನು ತೆಗೆದುಹಾಕದೆ ಉಳಿಸಿಕೊಂಡ ಶಿಕ್ಷಕ ಜಾರ್ಜ್ ಪೌಲ್ಸ್ ಅವರನ್ನು ಇಲ್ಲಿ ನೆನೆಯಬೇಕು. ಮುಂದೆ ವಿದ್ಯಾರ್ಥಿವೇತನ ಕೊಟ್ಟು ಕರೆದದ್ದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಒಂದೇ. ಆ ವಿಶ್ವವಿದ್ಯಾಲಯ 1955 ಮತ್ತು 1956ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅವನ ರಕ್ಷಣೆಯಲ್ಲಿ ಇದ್ದದ್ದು ಬರೀ ಎತ್ತರವಲ್ಲ, ಸ್ವಲ್ಪ ಭೌತಶಾಸ್ತ್ರವೂ ಇತ್ತು. ಬುಟ್ಟಿಯ ಅಂಚು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಎಸೆದ ಚೆಂಡು ಪರವಲಯದಲ್ಲಿ ಏರಿ ಇಳಿಯುತ್ತದೆ. ಬುಟ್ಟಿಯತ್ತ ಇಳಿಯತೊಡಗಿದ ಚೆಂಡನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಎದುರಾಳಿಗೆ ಪಾಯಿಂಟ್ ಸಿಕ್ಕಿಬಿಡುತ್ತದೆ. ಹಾಗಾಗಿ ಏರುತ್ತಿರುವಾಗಲೇ ತಡೆಯಬೇಕು. 60 ಸೆಂಟಿಮೀಟರ್ ಎತ್ತರಕ್ಕೆ ಜಿಗಿದವನು ಗಾಳಿಯಲ್ಲಿರುವುದು ಸುಮಾರು 0.7 ಸೆಕೆಂಡ್ ಮಾತ್ರ. ಎದುರಾಳಿ ಸುಮ್ಮನೆ ಎಸೆಯುವಂತೆ ನಟಿಸಿದಾಗ ಮೋಸಹೋಗಿ ಮೊದಲೇ ಜಿಗಿದವನು, ಚೆಂಡು ಹೊರಡುವ ಹೊತ್ತಿಗೆ ಕೆಳಗಿಳಿಯುತ್ತಿರುತ್ತಾನೆ. ಈ ಭಯದಿಂದಲೇ ಆ ಕಾಲದ ತರಬೇತುದಾರರು 'ರಕ್ಷಣೆ ಮಾಡುವವನು ಕಾಲು ನೆಲದಿಂದ ಎತ್ತಬಾರದು' ಎಂದು ಪಾಠ ಹೇಳುತ್ತಿದ್ದರು. ರಸೆಲ್ ಆ ಪಾಠ ಮೀರಿದ. ಎಸೆಯುವವನು ಮೊದಲು ಜಿಗಿಯಲಿ ಎಂದು ಕಾದು, ಅವನ ನಂತರ ಜಿಗಿದು, ಚೆಂಡನ್ನು ಮುಟ್ಟುತ್ತಿದ್ದ. ಅವನು ಎಡಗೈಯವನಾಗಿದ್ದುದೂ ಅನುಕೂಲವೇ ಆಯಿತು. ಎದುರು ನಿಂತವನ ಬಲಗೈಗೆ ನೇರವಾಗಿ ಸಿಗುವುದು ನಮ್ಮ ಎಡಗೈ ಅಲ್ಲವೇ?

ಇನ್ನೊಂದು ಸೂಕ್ಷ್ಮವಿದೆ. ಎದುರಾಳಿಯ ಚೆಂಡನ್ನು ಪ್ರೇಕ್ಷಕರ ನಡುವೆ ಬೀಳುವಂತೆ ಬಾರಿಸಿದರೆ ಚಪ್ಪಾಳೆ ಬರುತ್ತದೆ, ಚೆಂಡು ಮಾತ್ರ ಮತ್ತೆ ಎದುರಾಳಿಗೇ ಹೋಗುತ್ತದೆ. ರಸೆಲ್ ಆದಷ್ಟೂ ಅದು ಅಂಕಣದೊಳಗೇ, ತನ್ನವರ ಕೈಗೆ ಬೀಳುವಂತೆ ಮೆಲ್ಲಗೆ ತಟ್ಟುತ್ತಿದ್ದ. ಅಲ್ಲಿಂದ ಕೂಸಿಯ ಓಟ ಶುರು. ಎದುರಾಳಿಗಳು ತಿರುಗಿ ನೋಡುವಷ್ಟರಲ್ಲಿ ಆಚೆ ಬುಟ್ಟಿಯಲ್ಲಿ ಚೆಂಡು. ಹೀಗೆ ರಕ್ಷಣೆಯೇ ಆಕ್ರಮಣದ ಮೊದಲ ಹೆಜ್ಜೆಯಾಯಿತು.

ಉಳಿದ ನಾಲ್ವರ ಆಟವೂ ಬದಲಾಯಿತು. ಹಿಂದೆ ರಸೆಲ್ ಇದ್ದಾನೆಂಬ ಧೈರ್ಯದಿಂದ ಅವರು ಎದುರಾಳಿಯ ಮೈಮೇಲೆ ಬೀಳುವಷ್ಟು ಹತ್ತಿರ ಹೋಗಿ ಚೆಂಡು ಕಸಿಯಲು ನೋಡುತ್ತಿದ್ದರು. ಎದುರಾಳಿ ತಪ್ಪಿಸಿಕೊಂಡು ನುಗ್ಗಿದರೆ 'ಹೇ ಬಿಲ್!' ಎಂದು ಕೂಗಿದರಾಯಿತು. ಎದುರಾಳಿಗಳಿಗಂತೂ ಚಿಂತೆ ಹತ್ತಿತು. ಬುಟ್ಟಿಯ ಕೆಳಗೆ ನುಗ್ಗಬೇಕೆಂದವನು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ದೂರದಿಂದಲೇ ಎಸೆದು ಗುರಿ ತಪ್ಪುತ್ತಿದ್ದ. ಪಾಯಿಂಟ್‌ನಲ್ಲಿ ಜಾಂಟಿ ರೋಡ್ಸ್ ನಿಂತಿದ್ದಾಗ ಬ್ಯಾಟ್ಸ್‌ಮನ್ ಒಂಟಿ ರನ್ನಿಗೆ ಹಿಂಜರಿಯುತ್ತಿದ್ದ ಹಾಗೆ. ಎಸೆಯದೇ ಉಳಿದ ಚೆಂಡನ್ನು ಯಾವ ಪುಸ್ತಕದಲ್ಲಿ ಬರೆಯುವುದು? ತಡೆದ ಹೊಡೆತಗಳನ್ನು ಅಧಿಕೃತವಾಗಿ ಎಣಿಸಲು ಅಲ್ಲಿನ ವೃತ್ತಿಪರ ಲೀಗ್ ತೊಡಗಿದ್ದೇ 1973-74ರಲ್ಲಿ. ರಸೆಲ್ ನಿವೃತ್ತನಾಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಫಲಿತಾಂಶ ಮಾತ್ರ ಎಣಿಕೆಗೆ ಸಿಕ್ಕಿತು. 1957ರಲ್ಲಿ, ರಸೆಲ್ ಬಂದ ಮೊದಲ ಋತುವಿನಲ್ಲೇ, ಬಾಸ್ಟನ್ ಚಾಂಪಿಯನ್. 1958ರ ಫೈನಲ್ ಸರಣಿಯಲ್ಲಿ ಅವನ ಪಾದದ ಕೀಲಿಗೆ ಪೆಟ್ಟಾಯಿತು, ತಂಡ ಸೋತಿತು. ನಂತರ 1959ರಿಂದ 1966ರವರೆಗೆ ಸತತ ಎಂಟು ಪ್ರಶಸ್ತಿ. 1968 ಮತ್ತು 1969ರಲ್ಲಿ ಮತ್ತೆರಡು, ಅದೂ ಅವನೇ ಆಟಗಾರನೂ ತರಬೇತುದಾರನೂ ಆಗಿದ್ದಾಗ. ಒಟ್ಟು ಹದಿಮೂರು ಋತುಗಳಲ್ಲಿ ಹನ್ನೊಂದು.

1961-62ರಲ್ಲಿ ವಿಲ್ಟ್ ಚೇಂಬರ್ಲೇನ್ ಪಂದ್ಯವೊಂದಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದ. ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದದ್ದೂ ಆಗಲೇ. ರಸೆಲ್‌ನ ಸರಾಸರಿ 19 ಕೂಡ ಮುಟ್ಟಲಿಲ್ಲ. ಆದರೆ ಲೀಗಿನ ಆಟಗಾರರು ಮತ ಹಾಕಿ ಶ್ರೇಷ್ಠ ಆಟಗಾರನೆಂದು ಆರಿಸಿದ್ದು ರಸೆಲ್‌ನನ್ನು. ಮೈದಾನದಲ್ಲಿ ಎದುರು ನಿಂತವರಿಗೆ ಪುಸ್ತಕದಲ್ಲಿ ಇಲ್ಲದ ಲೆಕ್ಕವೂ ಗೊತ್ತಿತ್ತು.

ವಿಜ್ಞಾನದಲ್ಲಿ ಒಂದು ಅಂಶದ ಪ್ರಭಾವ ತಿಳಿಯಲು ಅದನ್ನು ತೆಗೆದು ನೋಡುತ್ತಾರೆ. ಬಾಸ್ಟನ್‌ನಲ್ಲಿ ಆ ಪ್ರಯೋಗವೂ ತಾನಾಗಿ ನಡೆಯಿತು. 1968-69ರಲ್ಲಿ, ರಸೆಲ್‌ನ ಕೊನೆಯ ಋತುವಿನ 82 ಲೀಗ್ ಪಂದ್ಯಗಳಲ್ಲಿ, ತಂಡ 48 ಗೆದ್ದು 34 ಸೋತಿತ್ತು. ಅವನಿಲ್ಲದ ಮರುವರ್ಷ 34 ಗೆದ್ದು 48 ಸೋತಿತು. ಕನ್ನಡಿಯಲ್ಲಿ ಕಂಡಂತೆ ಅಂಕಿಗಳು ಅದಲುಬದಲು! ಸ್ಯಾಮ್ ಜೋನ್ಸ್ ಎಂಬ ಒಳ್ಳೆಯ ಆಟಗಾರನೂ ಅದೇ ಸಲ ನಿವೃತ್ತನಾದ್ದರಿಂದ ಇದನ್ನು ಶುದ್ಧ ಪ್ರಯೋಗ ಎನ್ನಲಾಗದು. ಕೂಸಿ, ಶರ್ಮನ್‌ರಂಥವರು ಇಲ್ಲದಿದ್ದರೆ ರಸೆಲ್ ಒಬ್ಬನೇ ಏನೂ ಮಾಡಲಾಗುತ್ತಿರಲಿಲ್ಲ ಎಂಬುದೂ ನಿಜ. ಬೆಳೆಯೇ ಇಲ್ಲದ ಹೊಲಕ್ಕೆ ಬೇಲಿ ಏತಕ್ಕೆ?

2022ರ ಜುಲೈ 31ರಂದು ರಸೆಲ್ ತೀರಿಕೊಂಡಾಗ ಅವನಿಗೆ 88 ವರ್ಷ. ಅವನು ತೊಡುತ್ತಿದ್ದ 6ನೇ ನಂಬರನ್ನು ಲೀಗಿನ ಯಾವ ತಂಡವೂ ಹೊಸದಾಗಿ ಯಾರಿಗೂ ಕೊಡಬಾರದೆಂದು ಆಗ ತೀರ್ಮಾನವಾಯಿತು. ಒಮ್ಮೆ ಹಂಚಿಕೊಂಡ ಸಮವಸ್ತ್ರ ತೊಟ್ಟ ಹುಡುಗನಿಗೆ ಸಂದ ಗೌರವ ಇದು.

ವಿದ್ಯಾರ್ಥಿಗಳು ಮುಂದಿನ ಸಲ ಶಾಲೆಯ ಪಂದ್ಯ ನೋಡಲು ಹೋಗುವಾಗ ಒಂದು ನೋಟ್‌ಬುಕ್ ಜತೆಗಿಟ್ಟುಕೊಳ್ಳಲಿ. ಬುಟ್ಟಿಯ ಬಳಿ ಬಂದ ಎದುರಾಳಿ ಎಷ್ಟು ಸಲ ಎಸೆಯದೆ ಹಿಂದಿರುಗಿದ, ಆಗ ಅಲ್ಲಿ ನಿಂತಿದ್ದವರು ಯಾರು ಎಂದು ಗೆರೆ ಹಾಕುತ್ತ ಹೋಗಲಿ. ಪಂದ್ಯ ಮುಗಿದ ಮೇಲೆ ಆ ಹೆಸರನ್ನು ಪಾಯಿಂಟ್ ಪಟ್ಟಿಯಲ್ಲಿ ಹುಡುಕಲಿ. ಪಕ್ಕದಲ್ಲಿ ಸೊನ್ನೆ ಇದ್ದರೂ ಆಶ್ಚರ್ಯವಿಲ್ಲ. ಆ ಹುಡುಗನ ಅಪ್ಪ ಅಮ್ಮನಿಗೆ ಆ ನೋಟ್‌ಬುಕ್ಕನ್ನು ಒಮ್ಮೆ ತೋರಿಸಿದರೆ ಒಳ್ಳೆಯದು.