ತಿರುಪು ಬಿಚ್ಚುವ ಮುನ್ನ

ಎದೆಯನ್ನು ಸೀಳದೆ ಹೃದಯದೊಳಗಿನ ರಂಧ್ರವನ್ನು ಮುಚ್ಚುವರೆಂದರೆ ಹಿರಿಯರಿಗೆ ಅದು ಇಂದ್ರಜಾಲವೆನಿಸುವುದು ಸಹಜವೇ ಸರಿ. ನಮ್ಮ ತಂಗಿಯ ಮಗಳಿಗೆ ಈಗ 19 ವರ್ಷ. ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿ ಅವಳಿಗೆ ಹುಟ್ಟಿನಿಂದಲೇ ರಂಧ್ರವುಂಟೆಂದು ವೈದ್ಯರು ಹೇಳಿದಾಗ ಮನೆಯವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎದೆಯನ್ನು ತೆರೆಯಬೇಕೋ, ಬೇಡವೋ? ತೊಡೆಯ ಸಂದಿನ ರಕ್ತನಾಳದೊಳಗಿಂದ ಕೊಳವೆಯನ್ನೇರಿಸಿ, ಪರದೆಯನ್ನು ನೋಡುತ್ತ ಕೆಲಸ ಮಾಡುವರೆಂದು ಕೇಳಿ ನಮ್ಮ ತಾಯಿಯವರು, “ತನ್ನ ಕೈಯನ್ನು ತಾನು ನೋಡದ ವೈದ್ಯನಿಗೆ ಮಗುವನ್ನೊಪ್ಪಿಸುವುದೆ?” ಎಂದರು. ಆ ಮಾತು ನಗುವಂಥದಲ್ಲ.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ರಕ್ತನಾಳದಿಂದ ಹೃದಯದವರೆಗೆ ತಾನೇ ಕೊಳವೆಯನ್ನು ತಳ್ಳಿಕೊಂಡು, ನಡೆದುಹೋಗಿ ಎಕ್ಸ್-ರೇ ಚಿತ್ರವನ್ನು ತೆಗೆಸಿಕೊಂಡನು. ಆ ಕಿರಣವು ಕೊಡುವುದು ನೆರಳನ್ನು ಮಾತ್ರ. ತೊಗಲುಗೊಂಬೆಯಾಟದ ಪರದೆಯ ಮೇಲೆ ಯಾವ ಕೈ ಮುಂದೆ, ಯಾವುದು ಹಿಂದೆ ಎಂದು ಹೇಳಬಲ್ಲವರಾರು? ಕೊಳವೆಯೇನೋ ಕಾಣುವುದು. ಹೃದಯದ ಗೋಡೆಯೇ ಕಾಣದು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್, ಹರ್ಟ್ಸ್ ಎಂಬಿಬ್ಬರು ಕಿವಿಗೆ ಕೇಳದ ಶಬ್ದದ ಅಲೆಗಳ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ಗುರುತಿಸಿದರು. ಬಳಿಕ ಗೋಡೆಗಳೂ ಕಂಡವು, ಆದರೆ ಕೊಯ್ದ ಹಣ್ಣಿನ ಹೋಳಿನಂತೆ ಚಪ್ಪಟೆಯಾಗಿ. ಹೋಳುಗಳನ್ನು ಸೇರಿಸಿ ಇಡೀ ಹಣ್ಣನ್ನು ವೈದ್ಯನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾಗಿತ್ತು.

ಈಗಿನ ಸಾಧನವು ಆ ಶ್ರಮವನ್ನು ಬಹುಮಟ್ಟಿಗೆ ತಪ್ಪಿಸಿದೆ. ಅನ್ನನಾಳವು ಹೃದಯದ ಎಡಗಡೆಯ ಮೇಲ್ಕೋಣೆಗೆ ಹಿಂದಿನಿಂದ ಅಂಟಿಕೊಂಡಂತೆಯೇ ಇರುವುದರಿಂದ, ಗಂಟಲಿನ ಮೂಲಕ ಒಂದು ನಳಿಗೆಯನ್ನು ಅಲ್ಲಿಗೆ ಇಳಿಸುವರು. ಅದರ ತುದಿಯಲ್ಲಿ ಸಾವಿರಾರು ಸೂಕ್ಷ್ಮ ಸ್ಫಟಿಕಗಳು ಸಾಲುಸಾಲಾಗಿ ಕುಳಿತಿರುತ್ತವೆ. ಅವು ಬಡಿಯುತ್ತಿರುವ ಹೃದಯವನ್ನು ಉದ್ದ, ಅಗಲ, ಆಳಗಳೊಡನೆ ಆಗಿಂದಾಗಲೇ ತೋರಿಸುತ್ತವೆ. ಇದಕ್ಕೂ ಮಿತಿಯುಂಟು. ದೇಹದಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1540 ಮೀಟರು ಸಾಗುವುದು. 10 ಸೆಂಟಿಮೀಟರು ಆಳಕ್ಕೆ ಹೋಗಿಬರುವುದೆಂದರೆ ಸೆಕೆಂಡಿಗೆ ಹೆಚ್ಚೆಂದರೆ 7,700 ಸಲ. ಆದುದರಿಂದ ಅಗಲವಾಗಿ ನೋಡಹೊರಟರೆ ಚಿತ್ರವು ತಡವರಿಸುತ್ತದೆ; ಚುರುಕಾಗಿ ಬೇಕೆಂದರೆ ನೋಟವನ್ನು ಕಿರಿದುಮಾಡಬೇಕು.

ರಂಧ್ರವನ್ನು ಮುಚ್ಚುವ ಸಾಧನವು ನಿಕಲ್, ಟೈಟೇನಿಯಂಗಳ ತಂತಿಯಿಂದ ಹೆಣೆದ ಎರಡು ಪುಟ್ಟ ಬಿಲ್ಲೆಗಳು. ಎಳೆದರೆ ನೀಳವಾಗಿ ಕೊಳವೆಯೊಳಗೆ ಅಡಗುತ್ತವೆ. ಹೊರಬಂದೊಡನೆ ಅರಳಿ ಗೋಡೆಯನ್ನು ಎರಡು ಕಡೆಯಿಂದಲೂ ಹಿಡಿಯುತ್ತವೆ. ಹಿಡಿಯಲು ರಂಧ್ರದ ಸುತ್ತ ಅಂಚು ಸಾಕಷ್ಟಿರಬೇಕು. ಇಲ್ಲವಾದರೆ ಎದೆಯನ್ನು ತೆರೆಯುವುದೇ ದಾರಿ. ನಮ್ಮ ಹುಡುಗಿಯ ರಂಧ್ರವು ಗುಂಡಗಿರದೆ ಬಾದಾಮಿಯಂತಿತ್ತು. ಅಂಚು ಒಂದೆಡೆ ತೆಳು, ಉಳಿದೆಡೆ ಗಟ್ಟಿ. ಎದುರುಬದುರಾಗಿ ನಿಂತು ನೋಡಿದಂಥ ಆ ಚಿತ್ರವನ್ನು ವೈದ್ಯರು ಆಮೇಲೆ ನಮಗೂ ತೋರಿಸಿದರು. ಮೊದಲ ಸಲ ಒಂದು ಬಿಲ್ಲೆಯ ಅಂಚು ಗೋಡೆಯನ್ನು ದಾಟಿ ಆಚೆಯ ಕೋಣೆಗೆ ಜಾರಿತ್ತಂತೆ. ಸಾಧನವು ಇನ್ನೂ ತಂತಿಯ ತಿರುಪಿನಲ್ಲೇ ಇದ್ದುದರಿಂದ ಹಿಂದಕ್ಕೆಳೆದು, ಓರೆಮಾಡಿ, ಮತ್ತೆ ಕೂಡಿಸಿದರು, ಎಳೆದಾಡಿ ಪರೀಕ್ಷಿಸಿದರು. ತಿರುಪನ್ನು ಬಿಚ್ಚಿದ ಮೇಲೆ ಹಿಂದಕ್ಕೆ ತರುವುದು ಸುಲಭವಲ್ಲ. ನಮ್ಮ ತಾಯಿಯವರ ಪ್ರಶ್ನೆಗೆ ಉತ್ತರವು ಆ ಒಂದು ಕ್ಷಣದಲ್ಲಿ ಇದ್ದಿತೆಂದು ನಮಗೆ ತೋರುತ್ತದೆ.

ಹುಡುಗಿಯು ತೊಡೆಯ ಸಂದಿಯಲ್ಲೊಂದು ಪಟ್ಟಿಯೊಡನೆ ಮನೆಗೆ ಬಂದಳು. ಆರು ತಿಂಗಳು ಆಸ್ಪಿರಿನ್ ಮಾತ್ರೆ. ಅಷ್ಟರೊಳಗೆ ಹೃದಯದ ಒಳಪೊರೆಯು ತಂತಿಯ ಮೇಲೆ ಬೆಳೆದು ಅದನ್ನು ಮುಚ್ಚಿಕೊಳ್ಳುವುದಂತೆ.