ಖಾಕಿ ಕಳಚಿದ ಮೇಲೆ

ಪೊಲೀಸಿನವರನ್ನು ಕುರಿತು ಜನ ಆಡುವ ಮಾತು ಸಾಮಾನ್ಯವಾಗಿ ಎರಡೇ ತೆರನದು: ಒಂದು ಭಯದ್ದು, ಇನ್ನೊಂದು ದೂರಿನದು. ಖಾಕಿಯ ಒಳಗಿರುವವನಿಗೂ ಒಂದು ಮನೆಯುಂಟು, ಅವನ ಬೂಟಿನ ಸದ್ದಿಗಾಗಿ ಕಿವಿಗೊಟ್ಟು ಕುಳಿತ ಹೆಂಡಿರು ಮಕ್ಕಳುಂಟು ಎಂಬ ವಿಚಾರ ಬೀದಿಯಲ್ಲಿ ನಡೆವವರ ಮನಸ್ಸಿಗೆ ಬರುವುದು ಅಪರೂಪ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಿನಲ್ಲಿ ಮೂವತ್ತೇಳು ವರ್ಷ ದುಡಿದು, ಅರಸೀಕೆರೆಯಲ್ಲಿಯೇ ನೆಲೆನಿಂತು, 2016ರಲ್ಲಿ ಕಣ್ಮುಚ್ಚಿದ ಒಬ್ಬ ನಿವೃತ್ತ ಸಬ್‌ಇನ್‌ಸ್ಪೆಕ್ಟರರನ್ನು ಬಲ್ಲವರಿಗೆ ಮಾತ್ರ ಆ ವಿಚಾರ ಮರೆಯುವಂತಿಲ್ಲ. ಊರಿನವರು ಅವರನ್ನು ಕೊನೆಯವರೆಗೂ ಕರೆದದ್ದು ‘ದಫೇದಾರರು’ ಎಂದೇ. ಬಡ್ತಿ ಬಂದು ವರ್ಷಗಳು ಕಳೆದ ಮೇಲೂ ಆ ಹಳೆಯ ಹೆಸರೇ ಉಳಿಯಿತು; ಅವರೂ ಯಾರನ್ನೂ ತಿದ್ದಲು ಹೋಗಲಿಲ್ಲ.

ಅವರು ಕಾನ್‌ಸ್ಟೇಬಲ್ ಆಗಿ ಸೇರಿದ್ದು 1955ರಲ್ಲಿ. ಮರುವರ್ಷ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು; 1963ರಲ್ಲಿ ಹೊಸ ಪೊಲೀಸ್ ಕಾಯಿದೆ ಬಂದಿತು; 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. ಖಾಕಿ ಚಡ್ಡಿ ಹೋಗಿ ಷರಾಯಿ ಬಂತು. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ರಾತ್ರಿಯ ಬೀಟು, ಜಾತ್ರೆಯ ಬಂದೋಬಸ್ತು, ಮತ್ತು ಪೊಲೀಸ್ ಲೈನಿನ ಮನೆಯಲ್ಲಿ ಬೂದಿ ಮುಚ್ಚಿದ ಕೆಂಡದ ಮೇಲೆ ಅವರಿಗಾಗಿ ಕಾದಿರುತ್ತಿದ್ದ ಸಾರಿನ ಪಾತ್ರೆ.

ಅರಸೀಕೆರೆ ರೈಲಿನ ಊರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಗೆ ಹಾಸನ, ಮೈಸೂರುಗಳಿಂದ ಬರುವ ದಾರಿ ಕೂಡುವುದು ಅಲ್ಲಿಯೇ. ಸುತ್ತ ತೆಂಗಿನ ತೋಟ. ಊರೊಳಗೆ ಕೊಬ್ಬರಿಯ ಮಂಡಿ. ಹಣ ಓಡಾಡುವ ಕಡೆ ಕಿಸೆಗಳ್ಳರೂ ಓಡಾಡುವರು. ಅವರೊಂದಿಗೆ ಇನ್ನೊಂದು ವರ್ಗದವರೂ ಆ ಜಂಕ್ಷನ್ನಿನಲ್ಲಿ ಇಳಿಯುತ್ತಿದ್ದರು: ಮನೆ ಬಿಟ್ಟು ಓಡಿಬಂದ ಹುಡುಗರು. ಪರೀಕ್ಷೆಯಲ್ಲಿ ನಪಾಸಾದವರು, ಚಿಕ್ಕಮ್ಮನ ಬೈಗುಳ ತಾಳಲಾರದವರು, ಸಿನಿಮಾ ಸೇರುವ ಆಸೆ ಹೊತ್ತವರು. ಊರೊಳಕ್ಕೆ ಅಲೆದು ಬಂದ ಅಂತಹ ಹುಡುಗನನ್ನು ಕಂಡರೆ ದಫೇದಾರರು ಮೊದಲು ಮನೆಗೆ ಕರೆದೊಯ್ದು ಮುದ್ದೆ ಉಣ್ಣಿಸಿ, ಆಮೇಲೆ ಠಾಣೆಗೆ ಕರೆದುಕೊಂಡು ಹೋಗುತ್ತಿದ್ದರು. “ಹಸಿದವನ ಬಾಯಲ್ಲಿ ಊರಿನ ಹೆಸರು ಬರುವುದಿಲ್ಲ, ಉಂಡವನು ತಾನಾಗಿ ಹೇಳುತ್ತಾನೆ” ಎಂಬುದು ಅವರ ಅನುಭವ. ಅಡಿಗೆಮನೆಯಲ್ಲಿ ಇನ್ನೊಂದು ಮುದ್ದೆ ತೊಳಸಬೇಕಾದ ಹೆಂಡತಿಯ ಅನುಭವವನ್ನು ಅಂದು ಯಾರೂ ಕೇಳಲಿಲ್ಲ.

ಅವರ ಬಾಳನ್ನು ತಿರುಗಿಸಿದ ಪ್ರಸಂಗ ನಡೆದದ್ದು 1968ರ ಚೈತ್ರದಲ್ಲಿ. ಬೇಲೂರಿನಲ್ಲಿ ಚೆನ್ನಕೇಶವನ ರಥೋತ್ಸವ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರು. ತೇರು ಎಳೆಯಲು ಸುತ್ತಿನ ಸೀಮೆಯೆಲ್ಲ ಬಂದು ನೆರೆಯುವ ಉತ್ಸವ. ತೇರು ಹೊರಡುವಾಗ ಖಾಜಿಯವರು ಬಂದು ಕುರಾನ್ ಪಠಿಸುವ ರೂಢಿಯನ್ನು ಅವರು ಎಷ್ಟೋ ವರ್ಷ ಹತ್ತಿರದಿಂದ ನೋಡಿದ್ದರು. ಅಂಥ ನೂಕುನುಗ್ಗಲಿನಲ್ಲಿ ಚಕ್ರದ ಬಳಿಗೆ ಮಕ್ಕಳು ಮುದುಕರು ಬಾರದಂತೆ ತಡೆಯುವುದು ಹಗುರವಾದ ಕೆಲಸವಲ್ಲ. ಅರಸೀಕೆರೆಯ ಠಾಣೆಯಿಂದ ಅವರನ್ನು ಆ ಬಂದೋಬಸ್ತಿಗೆ ಕಳಿಸಿದ್ದರು.

ತೇರಿನ ಮೊದಲ ದಿನ ಬೆಳಿಗ್ಗೆ, ಜಾವಗಲ್ ದಾರಿಯಾಗಿ ಬಂದ ಬಸ್ಸಿನ ಕಂಡಕ್ಟರ್ ಒಬ್ಬ ಮನೆಯ ಸುದ್ದಿ ತಂದ: ನಾಲ್ಕು ವರ್ಷದ ಹಿರಿಯ ಮಗಳಿಗೆ ದಡಾರ ಎದ್ದಿದೆ, ಜ್ವರ ಇಳಿದಿಲ್ಲ, ಎಡಗಿವಿ ಹಿಡಿದುಕೊಂಡು ರಾತ್ರಿಯೆಲ್ಲ ಅತ್ತಿದ್ದಾಳೆ. ದಫೇದಾರರು ಸುದ್ದಿ ಕೇಳಿದರು. ತೇರಿನ ಬಳಿ ನಿಂತರು. ಎರಡು ದಿನದ ಉತ್ಸವ ಮುಗಿದು, ನೆರೆದ ಜನ ಚೆದರಿ, ನಾಲ್ಕನೆಯ ದಿನ ಅವರು ಊರು ಸೇರುವ ಹೊತ್ತಿಗೆ, ಹೆಂಡತಿ ಮಗುವನ್ನು ಸೊಂಟದಲ್ಲಿ ಹೊತ್ತು ಹಾಸನದ ಆಸ್ಪತ್ರೆಗೆ ಹೋಗಿ ಬಂದಾಗಿತ್ತು. ಕಿವಿಯಲ್ಲಿ ಕೀವು ತುಂಬಿ ಒಡೆದಿತ್ತು. ಜ್ವರ ಬಿಟ್ಟಿತು, ಮಗು ಉಳಿಯಿತು, ಆದರೆ ಎಡಗಿವಿ ಮತ್ತೆ ಕೇಳಲಿಲ್ಲ.

ಹೆಂಡತಿ ಆ ದಿನ ಒಂದೇ ಮಾತು ಆಡಿದರು: “ತೇರಿನ ಹಗ್ಗ ಹಿಡಿಯುವುದಕ್ಕೆ ಊರೆಲ್ಲ ಇತ್ತು. ಮಗುವನ್ನು ಹಿಡಿಯುವುದಕ್ಕೆ ನಾನೊಬ್ಬಳೇ ಇದ್ದೆ.” ಆಮೇಲೆ ಎಂದೂ ಆ ಮಾತನ್ನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಒಂದು ದಿನ ಮೊದಲು ಆಸ್ಪತ್ರೆಗೆ ಹೋಗಿದ್ದರೆ ಕಿವಿ ಉಳಿಯುತ್ತಿತ್ತೇ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಬಂಧುಗಳು ಸಮಾಧಾನಕ್ಕೆಂದು ಈ ಮಾತನ್ನೇ ಹೇಳುತ್ತಿದ್ದರು. “ಕರ್ತವ್ಯ ದೊಡ್ಡದು” ಎಂದು ಹೊಗಳಿದವರೂ ಉಂಟು. ದಫೇದಾರರು ಆ ಎರಡನ್ನೂ ಒಪ್ಪಲಿಲ್ಲ. “ರಜ ಕೊಡುತ್ತಿದ್ದರೋ ಇಲ್ಲವೋ ಬೇರೆ ಮಾತು. ನಾನು ಕೇಳಲೇ ಇಲ್ಲವಲ್ಲ!” ಎಂದು ಹೇಳಿ ಸುಮ್ಮನಾಗುತ್ತಿದ್ದರು. ಆದ ಹಾನಿಯನ್ನು ತ್ಯಾಗವೆಂದು ಹೆಸರಿಟ್ಟು ಮೆರೆಸುವುದು ಸುಲಭ. ಆ ಸುಲಭದ ದಾರಿ ಅವರಿಗೆ ಬೇಡವಾಯಿತು.

ಅಂದಿನಿಂದ ಅವರು ಮಗಳ ಬಲಗಡೆಯಲ್ಲಿಯೇ ನಡೆದರು. ಊಟಕ್ಕೆ ಅವಳ ಬಲಗಡೆಯಲ್ಲಿಯೇ ಕುಳಿತರು. ಶಾಲೆಗೆ ಸೇರಿಸಿದ ದಿನ ಸಮವಸ್ತ್ರದಲ್ಲಿಯೇ ಹೋಗಿ, ಉಪಾಧ್ಯಾಯಿನಿಗೆ ಕೈಮುಗಿದು, “ತಾಯೀ, ಇವಳನ್ನು ಮುಂದಿನ ಸಾಲಿನ ಎಡತುದಿಯಲ್ಲಿ ಕೂರಿಸಿ, ತಮ್ಮ ಮಾತು ಬಲಗಿವಿಗೆ ಬೀಳಲಿ” ಎಂದು ಬೇಡಿಕೊಂಡರು. ಮಕ್ಕಳಲ್ಲಿ ಯಾರಿಗೆ ಕಾಯಿಲೆಯಾದರೂ ಅರ್ಜಿ ಬರೆದು ರಜ ಕೇಳಿದರು. ಸಿಕ್ಕಿದ್ದುಂಟು, ಸಿಗದಿದ್ದದ್ದೂ ಉಂಟು. ಕೇಳದೆ ಇದ್ದದ್ದು ಮಾತ್ರ ಇನ್ನೊಂದು ಸಲ ಆಗಲಿಲ್ಲ.

ಹಳೇಬೀಡಿನ ಠಾಣೆಗೆ ವರ್ಗವಾದಾಗ ಸಂಸಾರವನ್ನು ಜೊತೆಗೇ ಕರೆದೊಯ್ದರು. ಬಿಡುವಿನ ಸಂಜೆ ಮಕ್ಕಳನ್ನು ಹೊಯ್ಸಳೇಶ್ವರ ದೇವಾಲಯದ ಅಂಗಳಕ್ಕೆ ಒಯ್ಯುವರು. ಅಲ್ಲಿ ಆನೆ, ಸಿಂಹ, ಕುದುರೆಗಳ ಸಾಲನ್ನು ಮಕ್ಕಳು ಎಣಿಸುತ್ತಿದ್ದರೆ ಅವರ ಕಾಲು ಎಳೆಯುತ್ತಿದ್ದುದು ಗರುಡಗಂಬದ ಬಳಿಗೆ. ಎರಡನೆಯ ವೀರಬಲ್ಲಾಳನ ಅಂಗರಕ್ಷಕ ಕುವರಲಕ್ಷ್ಮ, ಒಡೆಯನು ತೀರಿದ ಮೇಲೆ ತಾನು ಬದುಕಿರಲಾರೆನೆಂದು ಪ್ರಾಣ ಕೊಟ್ಟ ಕಥೆಯನ್ನು ಹೇಳುವ ಕಂಬ ಅದು. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ರೂಪಗಳು ಅದರ ಮೇಲಿವೆ. ಕಿರಿಯ ಮಗ ಒಮ್ಮೆ, “ಅಪ್ಪಾ, ಇವನೂ ಪೊಲೀಸಿನವನೇ?” ಎಂದು ಕೇಳಿದನಂತೆ.

“ನಮ್ಮಂಥವನೇ ಅನ್ನು. ದೊರೆಯ ಕಾವಲು ಅವನದು.”

“ಅವನ ಮನೆಯವರು?”

ದಫೇದಾರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹೆಂಡತಿಯೂ ಜೊತೆಗೇ ಹೋದಳಂತೆ ಮಗು. ಕಂಬದ ಮುಂದೆ ಜನ ಅವನನ್ನು ಹೊಗಳುತ್ತಾರೆ, ಅವಳನ್ನು ಕೇಳಿದವರು ಕಡಿಮೆ” ಎಂದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅವರಿದ್ದಿದ್ದರೆ ಸಂತೋಷಪಡುತ್ತಿದ್ದರು. ಆ ಕಂಬದ ಬಳಿ ನಿಂತು ಬಂದವರಿಗೆಲ್ಲ ಆ ಹೆಂಗಸಿನ ಮಾತನ್ನೂ ಹೇಳುತ್ತಿದ್ದರು.

ಮಗಳು ಓದಿ ಉಪಾಧ್ಯಾಯಿನಿಯಾದಳು. ಮದುವೆಯ ಮಾತು ಬಂದಾಗ ಮನೆಯಲ್ಲಿ ಇನ್ನೊಂದು ಪರೀಕ್ಷೆ. ಕಿವಿಯ ಸಂಗತಿಯನ್ನು ಮೊದಲೇ ಹೇಳುವುದು ಬೇಡವೆಂದು ಹೆಂಡತಿ ಅಂಗಲಾಚಿದರು. ಒಂದು ಕಿವಿ ಕೇಳುತ್ತದಲ್ಲ, ಯಾರಿಗೆ ತಿಳಿದೀತು ಎಂದು ಬಂಧುಗಳೂ ಧ್ವನಿಗೂಡಿಸಿದರು. “ಠಾಣೆಯಲ್ಲಿ ಸುಳ್ಳು ಹೇಳಿಕೆ ಬರೆದುಕೊಳ್ಳದವನು ಮನೆಯಲ್ಲಿ ಬರೆಸಲೇ? ನಾಳೆ ಗೊತ್ತಾದರೆ ಅನುಭವಿಸುವವಳು ಅವಳು” ಎಂದು, ಬಂದ ಬೀಗರಿಗೆ ಕಾಫಿ ಕೊಡುವ ಮುನ್ನವೇ ಅವರು ಸಂಗತಿ ತಿಳಿಸಿದರು, ತಾವು ರಜ ಕೇಳದೆ ಇದ್ದುದನ್ನೂ ಮುಚ್ಚಿಡಲಿಲ್ಲ. ಎರಡು ಸಂಬಂಧಗಳು ಮುರಿದುಬಿದ್ದವು. ಹೆಂಡತಿ ಅತ್ತರು. ಮಗಳು ಮಾತ್ರ, “ಅಪ್ಪ ಹೇಳಿದ್ದೇ ಸರಿ ಅಮ್ಮ” ಎಂದಳು. ಮೂರನೆಯ ಸಲ ಬಂದ ವರ ಕಿವಿಯ ಮಾತು ಕೇಳಿದವನೇ, ಕುಳಿತಿದ್ದ ಜಾಗ ಬಿಟ್ಟು ಎದ್ದು ಅವಳ ಬಲಗಡೆಗೆ ಬಂದು ಕುಳಿತನಂತೆ. ದಫೇದಾರರು ಆ ಕ್ಷಣವೇ ಮನಸ್ಸಿನಲ್ಲಿ ತಾಂಬೂಲ ಬದಲಾಯಿಸಿಬಿಟ್ಟರು.

1992ರಲ್ಲಿ ನಿವೃತ್ತರಾದರು. ಸಮವಸ್ತ್ರವನ್ನು ಒಗೆಸಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟ ಮರುದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಿದವರು ಅವರೇ. “ನನ್ನ ಅನ್ನ ಆರದಂತೆ ಇಷ್ಟು ವರ್ಷ ಕಾದಿದ್ದೀಯ, ಇನ್ನು ನೀನು ಮೊದಲು ಉಣ್ಣು” ಎಂದು ಹೆಂಡತಿಗೆ ಬಡಿಸಿದರು. ಅವರಿಗೆ ಮಂಡಿನೋವು ಹೆಚ್ಚಿದಾಗ ನೀರು ಸೇದುವುದು, ಎಣ್ಣೆ ತಿಕ್ಕುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ಯಾವ ಸಂಕೋಚವೂ ಇಲ್ಲದೆ ಮಾಡಿದರು. ದಫೇದಾರರು ಹಿತ್ತಿಲಲ್ಲಿ ಸೀರೆ ಹಿಂಡಿ ಒಣಹಾಕುವುದನ್ನು ಕಂಡು ನಕ್ಕ ನೆರೆಯವರು, ಕೆಲವು ವರ್ಷಗಳಲ್ಲಿ ನಗುವುದನ್ನು ಬಿಟ್ಟರು.

ಅವರು ತೀರಿದಾಗ ಮಗಳು ತಲೆಯ ಬಳಿ ಕುಳಿತಿದ್ದಳು. ಕೊನೆಯ ದಿನಗಳಲ್ಲಿ ದನಿ ತೀರ ಕ್ಷೀಣಿಸಿ, ಅವರು ಹೇಳುವುದು ಅವಳಿಗೆ ಕೇಳಬೇಕಾದರೆ ಅವಳೇ ಬಲಗಿವಿಯನ್ನು ಅವರ ತುಟಿಯ ಬಳಿಗೆ ತರಬೇಕಾಗಿತ್ತು. ಏನು ಹೇಳಿದರೆಂದು ಕೇಳಿದವರಿಗೆ ಅವಳು, “ಅಮ್ಮ ಊಟ ಮಾಡಿದಳೇ ಎಂದು ಕೇಳಿದರು” ಎಂದಷ್ಟೇ ಹೇಳಿದಳು.

ಪದಕ, ಪ್ರಶಸ್ತಿಗಳು ಅವರ ಮನೆಯ ಗೋಡೆಯ ಮೇಲಿಲ್ಲ. ಆದರೆ ಆ ಮನೆಯ ಮೊಮ್ಮಕ್ಕಳು, ಅವರ ಮಕ್ಕಳೂ ಸಹ, ಆ ತಾಯಿಯೊಂದಿಗೆ ಮಾತಾಡಬೇಕಾದಾಗ ಸುತ್ತಿ ಬಂದು ಬಲಗಡೆಯಲ್ಲಿಯೇ ಕೂಡುವರು. ಕಿರಿಯರಲ್ಲಿ ಕೆಲವರಿಗೆ ಅದರ ಕಾರಣ ಇನ್ನೂ ತಿಳಿಯದು. ಮನೆಯಲ್ಲಿ ಹಾಗೆಯೇ ಕೂಡಬೇಕೆಂದು ಮಾತ್ರ ಬಲ್ಲರು.